ಗಲಗಲ ಎನ್ನದ ಡಬ್ಬಿ

ನಮ್ಮ ಅಲಮಾರಿಯ ಮೇಲೆ ಮೂರು ಕಪ್ಪು ಡಬ್ಬಿಗಳಿವೆ. ಇಸ್ಪೀಟು ಕಟ್ಟಿಗಿಂತ ತುಸು ದೊಡ್ಡವು, ಗಾಳಿಯಾಡಲೆಂದು ಮೇಲ್ಭಾಗದಲ್ಲಿ ಸೀಳುಗಳಿರುವಂಥವು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಎರಡು ಗಲಗಲ ಅನ್ನುತ್ತವೆ. ಮೂರನೆಯದು ಅನ್ನುವುದಿಲ್ಲ. ದಿನಕ್ಕೊಮ್ಮೆಯಾದರೂ ಇವನ್ನು ಎತ್ತಿ ಅಲ್ಲಾಡಿಸಿ ಇಡುತ್ತೇನೆ. ವಯಸ್ಸಾದವರಿಗೆ ಒಂದೊಂದು ಚಟ. ಕೆಲವರು ನಶ್ಯ ಏರಿಸುತ್ತಾರೆ, ಕೆಲವರು ಸೊಸೆಯರನ್ನು ಬಯ್ಯುತ್ತಾರೆ. ನನ್ನದು ಇದು.

ಜೇವರ್ಗಿ ಕಾಲೋನಿಯ ನಮ್ಮ ಓಣಿಗೆ ಗುಜರಿ ಗಾಡಿ ಬಂದಾಗಲೆಲ್ಲ ನನ್ನ ಹೆಂಡತಿ ಕಾಶೀಬಾಯಿ ಮೊದಲು ಗಾಡಿ ನೋಡುತ್ತಾಳೆ, ಆಮೇಲೆ ಅಲಮಾರಿ ನೋಡುತ್ತಾಳೆ, ಕಡೆಗೆ ನನ್ನನ್ನು ನೋಡುತ್ತಾಳೆ.

“ಕೊಟ್ಟು ಕೈ ತೊಳಕೋಬಾರದೇನ್ರಿ? ಧೂಳ ಒರಸಿ ಒರಸಿ ನನ್ನ ಕೈ ಸೋತಾವ.”

“ಅವು ಕೆಟ್ಟಿಲ್ಲ. ಛಲೋ ನಡೀತಾವ.”

“ನಡೀಬೇಕಾದಾಗ ನಡದಿದ್ರ ಸಾಕಾಗಿತ್ತು.”

ಗಾಡಿ ಮುಂದೆ ಹೋಗುತ್ತದೆ.

ಡಬ್ಬಿಗಳ ಕೆಲಸ ಏನೆಂದು ಹೇಳಿಬಿಡುತ್ತೇನೆ. ಒಂದು ಕಡೆ ಕ್ಯಾಮೆರಾ ಕಂಡದ್ದನ್ನು ಲ್ಯಾನ್ ವೈರಿನಲ್ಲಿ ಹರಿಸಿ ನಾಲ್ಕಾರು ಕೋಣೆಗಳ ಟಿವಿಗಳಲ್ಲಿ ಒಟ್ಟಿಗೇ ತೋರಿಸುವುದು. ಕ್ಯಾಮೆರಾದ ಹತ್ತಿರ ಒಂದು ಕಳಿಸುವ ಡಬ್ಬಿ, ಪ್ರತಿ ಟಿವಿಯ ಹತ್ತಿರ ಒಂದು ಪಡೆಯುವ ಡಬ್ಬಿ, ನಡುವೆ ಎಲ್ಲರಿಗೂ ಹಂಚಿಕೊಡಲು ಸ್ವಿಚ್ ಎಂಬ ಪೆಟ್ಟಿಗೆ. ಸ್ವಿಚ್ ಎಂದರೆ ಗೋಡೆಯ ಮೇಲಿನ ದೀಪದ ಗುಂಡಿ ಎಂದೇ ನಾನೂ ತಿಳಿದಿದ್ದೆ. ಇದು ಬೇರೆ. ಕಳಿಸುವ ಡಬ್ಬಿ ಮುಂದೆ ಹೇಳಲಿರುವ ಮದುವೆಯ ಗದ್ದಲದಲ್ಲಿ ಕಳೆದೇ ಹೋಯಿತು. ಈಗ ಉಳಿದಿರುವ ಮೂರೂ ಪಡೆಯುವ ಡಬ್ಬಿಗಳು. ಕಳಿಸುವವರಿಲ್ಲದೆ ಅಲಮಾರಿಯ ಮೇಲೆ ಕಾಯುತ್ತ ಕೂತಿವೆ.

ನನ್ನ ಓದು ಎಸ್ಸೆಸ್ಸೆಲ್ಸಿಗೆ ಮುಗಿಯಿತು. ಆದರೆ ಸೇಡಂ ರಸ್ತೆಯಲ್ಲಿ ನನ್ನದೊಂದು ಟಿವಿ ರಿಪೇರಿ ಅಂಗಡಿ ಇತ್ತು, ಮತ್ತು ಒಂದು ಕಾಲದಲ್ಲಿ ಆ ರಸ್ತೆಯ ಡಾಕ್ಟರುಗಳಿಗಿಂತ ನನಗೆ ಬೇಡಿಕೆ ಹೆಚ್ಚಿತ್ತು. ಸಂಜೆ ಮನೆಮನೆಗೆ ಹೋಗಿ ಮಾಳಿಗೆ ಹತ್ತಿ ಆಂಟೆನಾ ತಿರುಗಿಸುತ್ತಿದ್ದೆ. “ಬಂತೇನ್ರಿ?” ಎಂದು ಮೇಲಿನಿಂದ ಕೂಗುವುದು. “ಬಂತು, ಬಂತು, ಹೋತು” ಎಂದು ಕೆಳಗಿನಿಂದ ಹೆಂಗಸರು, ಮುದುಕರು ಒಟ್ಟಿಗೆ ಕೂಗುವುದು. ಆ ಟಿವಿಗಳು ಮರ್ಯಾದಸ್ಥ ಟಿವಿಗಳು. ತಲೆಯ ಮೇಲೆ ಒಂದು ಏಟು ಹಾಕಿದರೆ ಬುದ್ಧಿ ಬರುತ್ತಿತ್ತು. ಈಗಿನವು ಹಪ್ಪಳದಂತೆ ಗೋಡೆಗೆ ಅಂಟಿಕೊಂಡಿರುತ್ತವೆ, ಎಲ್ಲಿ ಹೊಡೆಯುವುದು? ಅವು ಬಂದ ಮೇಲೆ ಅಂಗಡಿ ಮುಚ್ಚಿದೆ. ಆಮೇಲೆ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಮನೆಯ ಬಲ್ಬು ಹೋದರೂ ಕಾಶೀಬಾಯಿ ಪಕ್ಕದ ಮನೆಯವರನ್ನು ಕರೆಯುತ್ತಾಳೆ. ಈ ಮಾತು ನೆನಪಿನಲ್ಲಿಡಿ. ಮುಂದೆ ನಾನು ಮಾಡಿದ್ದಕ್ಕೆಲ್ಲ ಕಾರಣ ಇಲ್ಲಿದೆ.

ಕಮಲಾಪುರದಲ್ಲಿ ನಮ್ಮಕ್ಕ ನೀಲಮ್ಮ ಇದ್ದಾಳೆ. ಮಗ ಮಲ್ಲಿಕಾರ್ಜುನನದು ಅಲ್ಲೇ ಬೀಜ-ಗೊಬ್ಬರದ ಅಂಗಡಿ. ಅವನ ಮಗಳು ಭಾಗ್ಯ ಹುಟ್ಟಿದಾಗಿನಿಂದ ಅಜ್ಜಿಯ ಪಕ್ಕದಲ್ಲೇ ಮಲಗಿ ಬೆಳೆದವಳು. ಹೋದ ವರ್ಷ ಬೇಸಿಗೆಗೆ ಭಾಗ್ಯಳ ಮದುವೆ ನಿಕ್ಕಿಯಾಯಿತು. ಅದಕ್ಕೂ ಮುಂಚೆ ಅಕ್ಕ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡಿದ್ದಳು. ಕೂಡಬಲ್ಲಳು, ನಿಲ್ಲಲಾರಳು. ಮದುವೆಯ ಹಾಲ್ ಮೇಲಂತಸ್ತಿನಲ್ಲಿ, ಊಟದ ಹಾಲ್ ಕೆಳಗೆ. ಲಿಫ್ಟ್ ಇಲ್ಲ.

“ಅದರಾಗೇನದ ಮಾಮಾ, ನಾಕು ಮಂದಿ ಖುರ್ಚಿ ಸಮೇತ ಎತ್ತಿಕೊಂಡು ಹೋಗ್ತೀವಿ” ಎಂದ ಮಲ್ಲಿಕಾರ್ಜುನ.

ಅಕ್ಕನ ಮುಖ ಅರಳಿದ್ದನ್ನು ನಾನು ನೋಡಿದೆ. ನೋಡಿಯೂ ಹೇಳಿದೆ: “ಆ ಮೆಟ್ಟಲ ಭಾಳ ಇಕ್ಕಟ್ಟ ಅವ. ಕಾಲ ಜಾರಿದ್ರ ಮದಿವಿ ಮನಿ ದವಾಖಾನಿ ಆಗ್ತದ. ನಾ ಒಂದು ವ್ಯವಸ್ಥಾ ಮಾಡ್ತೀನಿ. ಅಕ್ಕ ಕೆಳಗ ಆರಾಮ ಕೂತು ಟಿವಿಯಾಗ ನೋಡ್ಲಿ. ಮ್ಯಾಲಿದ್ದವರಿಗೆ ಮಂದಿ ಬೆನ್ನ ಕಾಣ್ತದ, ಅಕ್ಕಗ ತಾಳಿ ಕಾಣ್ತದ.”

“ಟಿವಿಯಾಗ ಏನು ನೋಡೂದೋ ಶರಣ್ಯಾ” ಎಂದಳು ಅಕ್ಕ. ಆಮೇಲೆ ನನ್ನ ಮುಖ ನೋಡಿ, ಏನು ಅನ್ನಿಸಿತೋ, “ಆಗ್ಲಿ. ನೀ ಮಾಡ್ತೀನಂದ್ರ ಆಗ್ಲಿ” ಎಂದಳು.

ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯ ಅಂಗಡಿಯೊಂದರಲ್ಲಿ ನಯೀಮ್ ಎಂಬುವನು ಈ ಸಾಮಾನು ಮಾರುತ್ತಾನೆ. ನನಗೆ ಬೇಕಾದದ್ದನ್ನು ಬಣ್ಣಿಸಿ ಹೇಳಲು ಅರ್ಧ ಮುಂಜಾನೆ ಹೋಯಿತು. ಅವನು ಪೂರ್ತಿ ಕೇಳಿ, ಡಬ್ಬಿಗಳನ್ನು ಮುಂದಿಟ್ಟ.

“ಇದಕ್ಕ ಇಂಟರ್ನೆಟ್ ಬೇಕೇನಪ್ಪಾ?”

“ಬಿಲ್ಕುಲ್ ಬ್ಯಾಡ ಚಾಚಾ. ಇವು ತಮ್ಮತಮ್ಮೊಳಗ ಮಾತಾಡ್ಕೋತಾವ. ಹೊರಗಿನವರ ಸಂಗತ್ಯ ಇಲ್ಲ.”

“ನಮ್ಮ ಬೀಗರಿದ್ದಂಗ.”

“ಹಂಗ ತಿಳೀರಿ. ಮತ್ತ ಒಂದು ಮಾತ. ಎಲ್ಲಾದಕ್ಕೂ ಒಂದೇ ನಂಬರ್ ಇಡ್ರಿ. ಚಿತ್ರ ಥೋಡಾ ಲೇಟ್ ಬರ್ತದ, ಫಿಕರ್ ಮಾಡಬ್ಯಾಡ್ರಿ.”

ಒಂದೇ ನಂಬರ್ ಎಂಬ ಮಾತು ನನ್ನ ಬಲಗಿವಿಯಿಂದ ಹೋಗಿ ಎಡಗಿವಿಯಿಂದ ಹೊರಬಿದ್ದಿತ್ತು. ಬಾಡಿಗೆಗೆ ಮೂರು ಟಿವಿ ತರಿಸಿ ಮನೆಯಲ್ಲಿ ಪರೀಕ್ಷೆಗೆ ಕೂತೆ. ಊರಲ್ಲಿ ಎಲ್ಲರ ಮನೆಗೂ ಒಂದೇ ನಂಬರ್ ಇದ್ದರೆ ಪೋಸ್ಟ್‌ಮನ್ ಏನು ಮಾಡಬೇಕು? ಆದ್ದರಿಂದ ಡಬ್ಬಿಗೊಂದು ನಂಬರ್ ಕೊಟ್ಟೆ. ಯಾವ ಟಿವಿಯಲ್ಲೂ ಏನೂ ಬರಲಿಲ್ಲ. ವೈರು ಕಿತ್ತೆ, ಹಾಕಿದೆ. ಡಬ್ಬಿಯ ತಲೆಗೆ ಹಳೆಯ ರೂಢಿಯಲ್ಲಿ ಒಂದು ಏಟು ಹಾಕಿದೆ. ಹಸಿರು ದೀಪ ಮಿಟಕ್ ಮಿಟಕ್ ಎಂದಿತು. ನನ್ನನ್ನು ನೋಡಿ ಕಣ್ಣು ಹೊಡೆದ ಹಾಗೆ. ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಮಲಗುವ ಕೋಣೆಗೆ ವೈರು. ಕಾಶೀಬಾಯಿ ಅದನ್ನು ದಾಟುವಾಗ ಸೀರೆ ಎತ್ತಿಕೊಂಡು ಹಳ್ಳ ದಾಟಿದ ಹಾಗೆ ದಾಟುತ್ತಿದ್ದಳು, ಪ್ರತಿ ಸಲವೂ ನನಗೆ ಕೇಳುವಂತೆ ದೇವರು ಶರಣಬಸಪ್ಪನನ್ನು ನೆನೆಯುತ್ತಿದ್ದಳು. ಎರಡು ದಿನ ಹೀಗೆ. ಕಡೆಗೆ ಸೋತು ನಯೀಮನಿಗೆ ಫೋನ್ ಮಾಡಿದೆ. ಅವನು ನಂಬರಿನ ಮಾತು ಎತ್ತಿದ. ನೆಟ್‌ವರ್ಕ್ ಸರಿ ಇಲ್ಲ, ಕೇಳಿಸುತ್ತಿಲ್ಲ ಎಂದು ಹೇಳಿ ಫೋನ್ ಇಟ್ಟು, ನಂಬರುಗಳನ್ನೆಲ್ಲ ಒಂದೇ ಮಾಡಿದೆ. ಮೂರೂ ಕೋಣೆಗಳಲ್ಲಿ ಒಮ್ಮೆಗೇ ಚಿತ್ರ ಬಂತು. ಕ್ಯಾಮೆರಾ ಬದಲು ಕೇಬಲ್ ಹಚ್ಚಿದ್ದೆ; ಕಾಶೀಬಾಯಿಯ ಧಾರಾವಾಹಿಯ ಹೊತ್ತು ಅದು.

“ನೋಡು, ಎಲ್ಲಿ ಹೋದ್ರೂ ಅದೇ ಕಾಣಸ್ತದ.”

“ಆಕಿ ಒಂದು ಕಡಿ ಅಳೋದ ನೋಡಲಿಕ್ಕ ಆಗವಲ್ದು” ಎಂದಳು ಕಾಶೀಬಾಯಿ, “ಈಗ ಮೂರೂ ಕಡಿ ಅಳಬೇಕೇನ್ರಿ?”

ಮದುವೆಯ ಹಿಂದಿನ ದಿನ ಕಮಲಾಪುರದ ಬಸ್ಸಿನಲ್ಲಿ ವೈರಿನ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ಮದುವೆ ಹಾಲ್‌ನ ಬಾಗಿಲಿಗೆ ಕೆಂಪು ಬಾಳೆಯ ಗೊನೆ ಕಟ್ಟುತ್ತಿದ್ದರು. ನಾನು ನೇರ ಮೆಟ್ಟಿಲ ಕಡೆ ಹೋದೆ, ವೈರು ಎಷ್ಟು ಬೇಕೆಂದು ಟೇಪು ಹಿಡಿದು ಅಳೆಯಲು. ಉದ್ದ ಅಳೆದೆ. ಆಮೇಲೆ, ಯಾಕೋ, ಅಗಲವನ್ನೂ ಅಳೆದೆ. ಕುರ್ಚಿಯನ್ನು ಹಿಡಿದುಕೊಂಡು ಎರಡೂ ಬದಿ ಒಬ್ಬೊಬ್ಬರು ಆರಾಮಾಗಿ ಹತ್ತಬಹುದು. ಇನ್ನೂ ಜಾಗ ಉಳಿಯುತ್ತದೆ. ಟೇಪಿನ ಪಟ್ಟಿ ಸರ್ರನೆ ಒಳಗೆ ಹೋಯಿತು. ನಾನೂ ಬಾಯಿ ಮುಚ್ಚಿಕೊಂಡೆ. ಹೇಳಿದ್ದರೆ ಅಕ್ಕ ಮೇಲೆ ಹೋಗುತ್ತಿದ್ದಳು. ಕೆಳಗೆ ಊಟದ ಹಾಲಿನ ಪಕ್ಕ ಅವಳಿಗೆಂದೇ ಗೊತ್ತು ಮಾಡಿದ ಕೋಣೆಯ ಟಿವಿ ಯಾರಿಗೆ? ಊಟದ ಹಾಲಿಗೆ, ಅಂಗಳದ ಪೆಂಡಾಲಿಗೆ ಟಿವಿ ಇಟ್ಟದ್ದು ಶೋಕಿಗೆ. ನನ್ನ ಇಡೀ ವ್ಯವಸ್ಥೆ ನಿಂತದ್ದು ಅಕ್ಕ ಮೆಟ್ಟಿಲು ಹತ್ತಲಾರಳು ಎಂಬುದರ ಮೇಲೆ.

ಇಂಥ ಕೆಲಸಕ್ಕೆ ತಕ್ಕ ಶಾಸ್ತಿ ಕೂಡಲೇ ಶುರುವಾಯಿತು. ಇಂಟರ್ನೆಟ್ ಬೇಡ ಎಂದು ನಯೀಮ್ ಹೇಳಿದ್ದನಲ್ಲ? ಇರಲಿ, ಜೋರು ಬರಲಿ ಎಂದು ನನ್ನ ಸ್ವಿಚ್ಚಿನಿಂದ ಒಂದು ವೈರು ಎಳೆದು ಹಾಲ್ ಆಫೀಸಿನ ಇಂಟರ್ನೆಟ್ ಡಬ್ಬಿಗೂ ಸಿಕ್ಕಿಸಿದೆ. ಕೂಡಲೇ ಮ್ಯಾನೇಜರ್ ಓಡಿ ಬಂದ.

“ಯಜಮಾನ್ರ, ಏನು ಮಾಡಿದ್ರಿ? ನಮ್ಮ ಸಿಸಿಟಿವಿ ಎಲ್ಲಾ ನಿಂತಾವ. ವೈಫೈ ಬಂದ್. ಬಾಗಲದಾಗ ಯಾರು ಬಂದ್ರು, ಯಾರು ಹೋದ್ರು, ಏನೂ ತಿಳೀವಲ್ದು.”

“ಮದಿವಿಗಿ ಬರೂದು ಮಂದಿನೇ ತಗೊಳ್ರಿ. ಎಣಿಸಿ ಏನು ಮಾಡ್ತೀರಿ?”

“ನಿಮ್ಮ ಚಿತ್ರಾ ನಮ್ಮ ವೈರಿನಾಗೆಲ್ಲಾ ಹೊಕ್ಕಾದರೀ. ಮೊದಲ ತಗೀರಿ ಅದು.”

ತೆಗೆದೆ. ನನ್ನ ಚಿತ್ರಕ್ಕೆ ಅಷ್ಟು ಬಲ ಇದೆ ಎಂದು ಒಳಗೊಳಗೇ ಹಿಗ್ಗಿದೆ ಕೂಡ. ಸ್ವಿಚ್ಚಿಗೆ ಕರೆಂಟಿನ ಜಾಗ ಸಿಕ್ಕಿದ್ದು ಮೆಟ್ಟಿಲ ಕೆಳಗೆ, ಕೈ ತೊಳೆಯುವ ಬೇಸಿನ್ ಪಕ್ಕ. ಅಲ್ಲಿ ಇದ್ದದ್ದು ಒಂದೇ ಪ್ಲಗ್ಗು.

ಸಂಜೆ ಮತ್ತೊಂದು ತೊಡಕು ಕಂಡಿತು. ಮೇಲೆ ಮೈಕಿನಲ್ಲಿ ಹಲೋ ಅಂದದ್ದು ಕೆಳಗೆ ಕಟ್ಟಿದ್ದ ಭೋಂಗಾ ಸ್ಪೀಕರಿನಿಂದ ಕೂಡಲೇ ಕೇಳುತ್ತಿತ್ತು. ಅಂದವನ ಬಾಯಿ ಟಿವಿಯಲ್ಲಿ ತೆರೆಯಲು ಎರಡು ಉಸಿರು ತಡವಾಗುತ್ತಿತ್ತು. ಇದರಿಂದೇನು ಎಂದು ನೀವು ಕೇಳಬಹುದು. ನಮ್ಮ ಕಡೆಯ ಮದುವೆ ನೋಡಿದವರು ಕೇಳುವುದಿಲ್ಲ.

ನಮ್ಮಲ್ಲಿ ಮದುವೆಗೆ ಬಂದವರು ನೋಡುವವರಲ್ಲ, ಮಾಡುವವರು. ಬಾಗಿಲಲ್ಲೇ ಎಲ್ಲರ ಕೈಗೂ ಅಕ್ಕಿಕಾಳು ಬೀಳುತ್ತದೆ. ಹೆಸರು ಅಕ್ಕಿಕಾಳು, ಆದರೆ ಅರಿಷಿಣ ಹಚ್ಚಿದ ಜೋಳ. ಜೋಳದ ನಾಡಿನಲ್ಲಿ ಅಕ್ಕಿಯನ್ನು ಯಾರು ಎರಚುತ್ತಾರೆ? ಮದುವೆ ಮಾಡಿಸುವ ಅಯ್ಯನವರು ಮಂಗಳಾಷ್ಟಕ ಹೇಳಿ ಪ್ರತಿ ನುಡಿಗೂ ‘ಸಾವಧಾನ’ ಎಂದಾಗ, ಯಾರು ಎಲ್ಲಿದ್ದರೂ ಅಲ್ಲಿಂದಲೇ ಒಂದಿಷ್ಟು ಎರಚಬೇಕು. ಅಕ್ಕನ ಪದ್ಧತಿ ಮಾತ್ರ ಬೇರೆ. ಅವಳ ಕಾಳೆಲ್ಲ ತಾಳಿಗೇ. ನಾನು ಚಿಕ್ಕವನಿದ್ದಾಗ ಯಾವ ಮದುವೆಗೆ ಹೋದರೂ ನನ್ನನ್ನು ಸೊಂಟದ ಮೇಲೆ ಎತ್ತಿಕೊಂಡು ನಿಲ್ಲುತ್ತಿದ್ದಳು, ಇಲ್ಲವಾದರೆ ನನಗೆ ಮಂದಿಯ ಧೋತರ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ನನಗೋ ಕೈಯೊಳಗೆ ಕಾಳು ನಿಲ್ಲದು. ಅಷ್ಟಕ ಮುಗಿಯುವುದರೊಳಗೆ ಅರ್ಧ ತಿಂದು, ಅರ್ಧವನ್ನು ಮುಂದೆ ನಿಂತವರ ಕಿವಿಗೆ ಒಗೆದಿರುತ್ತಿದ್ದೆ. ತಾಳಿಯ ಹೊತ್ತಿಗೆ ಅಳು. ಆಗ ಅಕ್ಕ ತನ್ನ ಮುಷ್ಟಿ ತುಸು ಸಡಿಲಿಸಿ ನನ್ನ ಕೈಗೆ ನಾಲ್ಕು ಕಾಳು ಸುರಿದು, “ಬಿಗಿ ಹಿಡಿ. ಕಣ್ಣೀಲೆ ನೋಡೋ ತನಕಾ ಬಿಡಬ್ಯಾಡ” ಎನ್ನುತ್ತಿದ್ದಳು. ಅವಳ ಸೊಂಟ ಆಗ ಗಟ್ಟಿಯಿತ್ತು.

ಮದುವೆಯ ಬೆಳಿಗ್ಗೆ ಕೆಳಗಿನವರಿಗೆಲ್ಲ ಸಾರಿ ಸಾರಿ ಹೇಳಿದೆ: ಭೋಂಗಾದ ಮಾತು ಕೇಳಿ ಒಗೆಯಬೇಡಿ, ಟಿವಿ ನೋಡಿ ಒಗೆಯಿರಿ, ಚಿತ್ರ ತಡವಾಗಿ ಬರುತ್ತದೆ. ಎಲ್ಲರೂ ತಲೆಯಾಡಿಸಿದರು. ಪಕ್ಕದ ಕೋಣೆಗೆ ಹೋಗಿ ಅಕ್ಕನಿಗೂ ಅದನ್ನೇ ಹೇಳಿದೆ. ಅವಳು ಹೊಸ ಇಳಕಲ್ ಸೀರೆ ಉಟ್ಟು, ಕನ್ನಡಕ ಒರೆಸಿ ಹಾಕಿಕೊಂಡು, ಟಿವಿಯ ಮುಂದೆ ಮುಷ್ಟಿ ಬಿಗಿದು ಕೂತಿದ್ದಳು. ಜೊತೆಗಿದ್ದ ಕಾಶೀಬಾಯಿಯನ್ನು “ನೀ ಮ್ಯಾಲ ಹೋಗು ಯವ್ವಾ, ನಂದು ಇಲ್ಲೇ ಬರೋಬರ್ ಅದ” ಎಂದು ಅವಳೇ ಕಳಿಸಿದಳು.

ನಾನಾದರೂ ಅಕ್ಕನ ಪಕ್ಕ ಕೂರಬೇಕಿತ್ತು. ಮೇಲೆ ಹೋಗಿ ಕ್ಯಾಮೆರಾದವನ ಪಕ್ಕ ನಿಂತೆ. ಅಲ್ಲಿ ನಿಂತರೆ, ಇದೆಲ್ಲ ಯಾರು ಮಾಡಿದ್ದು ಎಂದು ಕೇಳಿದವರಿಗೆ ಹುಡುಕುವ ಕಷ್ಟ ಇರುವುದಿಲ್ಲ.

ಅಷ್ಟಕ ಶುರುವಾಯಿತು. ಕೆಳಗೆ ನಡೆದದ್ದು ನನಗೆ ಆಮೇಲೆ ತಿಳಿದದ್ದು. ‘ಸಾವಧಾನ’ ಎಂದದ್ದೇ ತಡ, ಊಟದ ಹಾಲಿನವರು ಟಿವಿಯ ಮೇಲೆ ಕಾಳು ಒಗೆದರು. ಟಿವಿಯೊಳಗಿನವರು ಆಮೇಲೆ ಒಗೆದರು. “ಮ್ಯಾಲಿನವರು ನಿದ್ದಿ ಹೊಡಿಲಾಕತ್ತಾರೇನ್ರಿ?” ಎಂದು ಒಬ್ಬರು. “ಹಂಗಾದ್ರ ಅವರ ಸಂಗಾಟ ಮತ್ತೊಮ್ಮಿ ಒಗೀರಿ” ಎಂದು ಮತ್ತೊಬ್ಬರು. ಹೀಗೆ ಒಂದು ನುಡಿಗೆ ಎರಡು ಸಲ. ಪೆಂಡಾಲಿನಲ್ಲೂ ಅದೇ ಕತೆ. ಟಿವಿಯ ಕೆಳಗೆ ಮೇಜಿನ ಮೇಲಿದ್ದ ಡಬ್ಬಿಗಳು ಸೀಳುಗಳಿಂದ ಹೊಟ್ಟೆ ತುಂಬ ಜೋಳ ತಿಂದವು. ಎರಡು ಡಬ್ಬಿಗಳ ಗಲಗಲ ಅದೇ. ಅಷ್ಟರಲ್ಲಿ ಚಿತ್ರ ಹೋಯಿತು. ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ನೀಲಿ ಪರದೆಗೇ ಕಾಳು ಒಗೆದು ಪಂಕ್ತಿಯಲ್ಲಿ ಜಾಗ ಹಿಡಿಯಲು ಓಡಿದರು.

ಮೇಲೆ ನನ್ನ ಕಳಿಸುವ ಡಬ್ಬಿಯ ಹಸಿರು ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಕಳಿಸಿದ್ದು ಮುಟ್ಟಿತೋ ಇಲ್ಲವೋ ಎಂದು ಕೇಳುವ ರೂಢಿ ಅದಕ್ಕಿಲ್ಲ. ತಾಳಿ ಬಿತ್ತು, ವಾಲಗ ಏರಿತು, ಜೋಳ ಸುರಿಯಿತು. ನಾನು ಬಂದವರ ಮೆಚ್ಚುಗೆ ಸ್ವೀಕರಿಸಿ, ಹೂಂ ಎಂದು, ಇದರಲ್ಲೇನಿದೆ ಎಂದು, ಒಂದು ಲೋಟ ಶರಬತ್ತು ಕುಡಿದು ಸಾವಕಾಶ ಕೆಳಗಿಳಿದೆ.

ಮೆಟ್ಟಿಲ ಕೆಳಗೆ ಗಂಡಿನ ಕಡೆಯ ದೊಡ್ಡವರೊಬ್ಬರು ಮೊಬೈಲ್ ಹಿಡಿದು ನಿಂತಿದ್ದರು. ನನ್ನ ಸ್ವಿಚ್ಚಿನ ವೈರು ನೆಲಕ್ಕೆ ಬಿದ್ದಿತ್ತು. ಅವರ ಚಾರ್ಜರ್ ಪ್ಲಗ್ಗಿನಲ್ಲಿತ್ತು.

“ಇದು ನೀವು ತಗದ್ರೇನ್ರಿ?”

“ಹೌದ್ರಿ. ಯಾವುದೋ ಡಬ್ಬಿದಿತ್ತು, ಸುಮ್ನ ಮಿಣಿಮಿಣಿ ಅನಕೋತ ಬಿದ್ದಿತ್ತು. ನಮ್ಮ ಅತ್ತಿ ಹಾಸಿಗಿ ಹಿಡದಾರ್ರಿ. ಅವರಿಗಿ ಮದಿವಿ ತೋರಸ್ಬೇಕಂತ ಮ್ಯಾಲಿಂದ ವಿಡಿಯೋ ಕಾಲ್ ಹಚ್ಚಿದ್ದೆ, ಅಷ್ಟಕದಾಗ ಬ್ಯಾಟರಿ ಮುಗೀಲಾಕ ಬಂತು. ಇಲ್ಲಿ ಥೋಡೆ ಚಾರ್ಜ್ ಮಾಡಿ ತಾಳಿ ಹೊತ್ತಿಗಿ ಮತ್ತ ಮ್ಯಾಲ ಓಡಿದೆ.”

“ಕಂಡ್ತೇನ್ರಿ ಅವರಿಗಿ?”

“ಛಲೋ ಕಂಡ್ತು.”

ಬೀಗರು. ಬಯ್ಯುವ ಹಾಗಿಲ್ಲ. ಬಯ್ಯುವ ಬಾಯಿಯೂ ನನಗಿರಲಿಲ್ಲ. ಅವರು ಒಂದು ಮೊಬೈಲಿನಲ್ಲಿ ಮಾಡಿದ್ದನ್ನು ಸುರುಳಿ ಸುರುಳಿ ವೈರು ಎಳೆದು ನಾನು ಮಾಡಲಾಗಲಿಲ್ಲ.

ಅಕ್ಕನ ಕೋಣೆಗೆ ಓಡಿದೆ. ನೀಲಿ ಪರದೆ. ಅದರ ಮುಂದೆ ಅಕ್ಕ, ತುಸು ಮುಂದಕ್ಕೆ ಬಾಗಿ, ಮುಷ್ಟಿ ಹಾಗೆಯೇ ಬಿಗಿದು ಕೂತಿದ್ದಳು. ಸುತ್ತಲ ನೆಲದ ಮೇಲೆ ಒಂದು ಕಾಳಿರಲಿಲ್ಲ. ಹೊರಗೆ ಆಗಲೇ ಬೂಂದಿ ಬಡಿಸುವವರ ಕೂಗು.

“ಅಕ್ಕಾ.”

“ಸುಮ್ಮಿರು, ಬರ್ತದ” ಎಂದಳು ಪರದೆಯಿಂದ ಕಣ್ಣು ತೆಗೆಯದೆ. “ಭೋಂಗಾದಾಗ ಆಗಳೇ ಎಲ್ಲಾ ಆತು. ಚಿತ್ರ ತಡಾ ಮಾಡಿ ಬರ್ತದಂತ ನೀನೇ ಹೇಳಿದ್ದಿಯಲ್ಲ. ಅದಕ್ಕ ಹಿಡಕೊಂಡು ಕುಂತೀನಿ.”

ಅಷ್ಟು ಮಂದಿಗೆ ಸಾರಿದ ನನ್ನ ಮಾತನ್ನು ನಂಬಿದವಳು ಅವಳೊಬ್ಬಳೇ.

ಹೋಗಿ ವೈರು ಸಿಕ್ಕಿಸಿ ಬಂದೆ. ಚಿತ್ರ ಬಂತು. ವೇದಿಕೆಯ ಮೇಲೆ ಉಡುಗೊರೆ ಕೊಡುವವರ ಸಾಲು, ಫೋಟೋ ತೆಗೆಸಿಕೊಳ್ಳುವವರ ನೂಕಾಟ.

“ಇದೇನೋ? ತಾಳಿ ಆಗಿಹೋತೇನು?”

“ಆತಕ್ಕಾ. ನಡುವ ಕರೆಂಟ್ ತಗದಿದ್ರು.”

ಅವಳು ಪರದೆ ಬಿಟ್ಟು ತನ್ನ ಮುಷ್ಟಿಯ ಕಡೆ ನೋಡಿದಳು. ಆಮೇಲೆ, “ಹಂಗಾದ್ರ ಈ ಕಾಳ ಏನು ಮಾಡ್ಲಿ?” ಎಂದಳು. ಕೋಪದಿಂದಲ್ಲ. ನಿಜವಾಗಿಯೂ ಕೇಳುತ್ತಿದ್ದಳು.

ಅಷ್ಟರಲ್ಲಿ ಗಂಡಿನ ಕಡೆಯ ಹೆಂಗಸರಿಬ್ಬರು ಕಾಲಿಗೆ ಬೀಳಲು ಬಂದರು. “ಮದಿವಿ ನೋಡಿದ್ರೇನ್ರಿ ಆಯಿ?” ಎಂದರು. ಅಕ್ಕ ಮುಷ್ಟಿಯನ್ನು ಸೆರಗಿನೊಳಗೆ ಸರಿಸಿದಳು. “ನೋಡಿದೆ ತಂಗಿ. ನಮ್ಮ ತಮ್ಮ ಎಲ್ಲಾ ಮಾಡ್ಯಾನ. ಮ್ಯಾಲಿದ್ದವರಿಗೆ ಮಂದಿ ಬೆನ್ನ ಕಂಡಿರಬೇಕು, ನನಗ ತಾಳಿನೇ ಕಾಣ್ತು.” ನಾನೇ ಹೇಳಿದ ಮಾತು. ಅವರು ನನ್ನ ಕಡೆ ತಿರುಗಿ ಕೈ ಮುಗಿದರು. ನಾನು ಗೋಡೆಯ ಕಡೆ ನೋಡಿದೆ.

ಹೊರಗೆ ಹೋಗಿ ಮಲ್ಲಿಕಾರ್ಜುನನನ್ನು ಪಂಕ್ತಿಯಿಂದ ಎಳೆದುಕೊಂಡು ಬಂದೆ. ಕೈಯಲ್ಲಿ ಹುಗ್ಗಿಯ ಸೌಟು ಹಿಡಿದೇ ಬಂದ. ಇನ್ನಿಬ್ಬರು ಕೂಡಿಕೊಂಡರು. ಕುರ್ಚಿ ಎತ್ತಿದೆವು. ಅಕ್ಕ ಭಾರವೇ ಇರಲಿಲ್ಲ. ಅರ್ಧ ಮೆಟ್ಟಿಲು ಹತ್ತಿದ ಮೇಲೆ ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಎರಡೂ ಕಡೆ ಜಾಗವಿತ್ತು. ಎದುರಿನಿಂದ ಊಟಕ್ಕೆ ಇಳಿಯುವವರು ಆರಾಮಾಗಿ ದಾಟಿ ಹೋಗುತ್ತಿದ್ದರು. ಕುರ್ಚಿಯ ಮುಂದಿನ ಕಾಲು ಹಿಡಿದಿದ್ದ ನನ್ನ ತಲೆ ಅವಳ ಮೊಣಕಾಲಿನ ಹತ್ತಿರವಿತ್ತು.

“ಶರಣ್ಯಾ” ಎಂದಳು ಮೆಲ್ಲಗೆ, “ಮೆಟ್ಟಲ ಭಾಳ ಅಗಲ ಅವ ಅಲ್ಲೋ.”

ನಾನು ದಮ್ಮು ಹತ್ತಿದವನಂತೆ ಏದುಸಿರು ಬಿಟ್ಟೆ. ದಮ್ಮು ಹತ್ತಿರಲಿಲ್ಲ.

ಭಾಗ್ಯ ಅಜ್ಜಿಯನ್ನು ಕಂಡದ್ದೇ ಫೋಟೋದವರನ್ನು ಬಿಟ್ಟು ಇಳಿದು ಬಂದು, “ಆಯೀ, ಎಲ್ಲಿ ಹೋಗಿದ್ದಿ? ನಾ ಆಗಿಂದ ಹುಡಕ್ಲಾಕತ್ತೀನಿ” ಎಂದಳು. ಅಕ್ಕ ಮುಷ್ಟಿ ಬಿಚ್ಚಿದಳು. ಬೆವರಿಗೆ ಕಾಳು ಉಂಡೆ ಕಟ್ಟಿ ಅಂಗೈಗೆ ಅಂಟಿದ್ದವು. ಒಂದೊಂದನ್ನೇ ಬಿಡಿಸಿ ಮೊಮ್ಮಗಳ ತಲೆಗೆ ಹಾಕಿದಳು. ಕ್ಯಾಮೆರಾದವನು ಊಟಕ್ಕೆ ಹೋಗಿದ್ದ. ಮದುವೆಯ ವಿಡಿಯೋ ಬಂದಾಗ ನಾನು ಮೊದಲಿಂದ ಕಡೆಯವರೆಗೆ ನೋಡಿದೆ. ಬಾಳೆಗೊನೆ ಇದೆ, ಹೋಳಿಗೆ ಇದೆ, ಶರಬತ್ತಿನ ಲೋಟ ಹಿಡಿದು ನಾನೂ ಇದ್ದೇನೆ. ಅಕ್ಕ ಎಲ್ಲಿಯೂ ಇಲ್ಲ.

ಇಷ್ಟು ಬರೆಯುವಷ್ಟರಲ್ಲಿ ಮತ್ತೆ ಗುಜರಿ ಗಾಡಿ ಬಂತು. ಕಾಶೀಬಾಯಿ ಎಂದಿನಂತೆ ನೋಡಿದಳು. ಗಲಗಲ ಅನ್ನುವ ಎರಡನ್ನೂ ಕೊಟ್ಟುಬಿಡು ಎಂದೆ. ಮೂರನೆಯದು, ಅಕ್ಕನ ಕೋಣೆಯದು, ಇರಲಿ. ಅವಳು ಧೂಳು ಒರೆಸಿ ಅದನ್ನು ಮತ್ತೆ ಅಲ್ಲೇ ಇಟ್ಟಳು.

ಕಮಲಾಪುರದಲ್ಲಿ ಈ ಬರಹವನ್ನು ಅಕ್ಕನಿಗೆ ಓದಿ ಹೇಳುವವರಿದ್ದಾರೆ. ಓದಿ ಹೇಳಲಿ ಎಂದೇ ಬರೆದದ್ದು. ಎದುರು ಕೂತು ಹೇಳಲು ಎಷ್ಟೋ ಸಲ ಬಸ್ಸು ಹತ್ತಿ ಹೋಗಿ, ಚಹಾ ಕುಡಿದು, ಬಾಳೆಹಣ್ಣು ಕಟ್ಟಿಸಿಕೊಂಡು ತಿರುಗಿ ಬಂದಿದ್ದೇನೆ.

ಅಕ್ಕಾ, ಹಿಂದಿನ ದಿನಾನೇ ನಾ ಟೇಪ ಹಿಡದು ನೋಡಿದ್ದೆ. ಖುರ್ಚಿ ಆರಾಮ ಹೋಗ್ತಿತ್ತು.